ಮಗಳ ಬಣ್ಣ, ಊಟ ಹಿಡ್ಕೊಂಡು ಸ್ಕೂಲಲ್ಲಿ ಆಡ್ಕೊತಾರೆ, ಕೇಳಿದ್ರೆ ‘ಕಾನ್‌ಫ್ಲಿಕ್ಟ್’ ಅಂತಾರೆ. ಲಾ ಏನ್ ಹೇಳತ್ತೆ? (ನ್ಯೂಜೆರ್ಸಿ)

ಸಾಗರದವಳು:

ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಾವಿರೋದು ನ್ಯೂಜೆರ್ಸಿ, ಮಗಳು ಪಬ್ಲಿಕ್ ಸ್ಕೂಲಲ್ಲಿ ಸಿಕ್ಸ್ತ್ ಗ್ರೇಡು. ಸೆಪ್ಟೆಂಬರಿಂದ ಲಂಚ್ ಬಾಕ್ಸ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರಕ್ಕೆ ಶುರುವಾಯ್ತು. ನಾನು ನನ್ನ ಅಡಿಗೆನೇ ಸರಿ ಇಲ್ವೇನೋ ಅಂದ್ಕೊಂಡು ಚಿತ್ರಾನ್ನ ಬಿಟ್ಟು ಪಾಸ್ತಾ ಹಾಕಿದೆ, ಅದೂ ಹಾಗೇ ಬಂತು. ಒಂದಿನ ಸ್ನಾನಕ್ಕೆ ಹೋದೋಳು ಮುಕ್ಕಾಲು ಗಂಟೆ ಆದ್ರೂ ಆಚೆ ಬರ್ಲಿಲ್ಲ, ಬಾಗಿಲು ಬಡಿದು ನೋಡಿದ್ರೆ ಪಾತ್ರೆ ತಿಕ್ಕೋ ಸ್ಕ್ರಬ್ಬರ್ ತಗೊಂಡ್ ಹೋಗಿ ಮೊಣಕೈ ತಿಕ್ಕಿ ತಿಕ್ಕಿ ರಕ್ತ ಬರೋ ಹಾಗೆ ಮಾಡ್ಕೊಂಡಿದಾಳೆ. ಆಮೇಲೆ ಒಂದೊಂದೇ ಹೇಳಿದ್ಳು. ಲಂಚ್ ಟೇಬಲಲ್ಲಿ ಮೂರು ಹುಡುಗರು ಇವಳು ಡಬ್ಬಿ ತೆಗೆದ ತಕ್ಷಣ ಮೂಗು ಮುಚ್ಕೊಳ್ಳೋದು, ನಿನ್ ಕೈಗೆ ಮಣ್ಣು ಹತ್ತಿದೆ ತೊಳ್ಕೊಂಡು ಬಾ ಅನ್ನೋದು, ಬಸ್ಸಲ್ಲಿ ಇಂಡಿಯನ್ ಆಕ್ಸೆಂಟ್ ತೆಗೆದು ಆಡ್ಕೊಳ್ಳೋದು, ನಿಮ್ ದೇಶಕ್ಕೆ ವಾಪಸ್ ಹೋಗಿ ಅನ್ನೋದು. ಅವ್ಳು ಹುಟ್ಟಿದ್ದೇ ಇಲ್ಲಿ, ಸಾಗರಕ್ಕೆ ಹೋಗಿರೋದು ಎರಡೇ ಸಲ.

ಸ್ಕೂಲಲ್ಲಿ ಮಕ್ಕಳ ಸಮಸ್ಯೆ ನೋಡೋ ಕೌನ್ಸಿಲರ್‌ಗೆ ಫೋನ್ ಮಾಡಿದೆ. ತುಂಬಾ ನಯವಾಗೇ ಮಾತಾಡಿದ್ರು, ಮಕ್ಕಳ ಮಧ್ಯೆ ಇಂಥ ಕಾನ್‌ಫ್ಲಿಕ್ಟ್ ಇದ್ದಿದ್ದೇ, ನಾವು ನೋಡ್ಕೋತೀವಿ ಅಂದ್ರು. ನೋಡ್ಕೊಂಡಿದ್ದು ಹೇಗೆ ಅಂದ್ರೆ ನನ್ನ ಮಗಳನ್ನ ಎಬ್ಬಿಸಿ ಬೇರೆ ಟೇಬಲ್‌ಗೆ ಹಾಕಿದ್ರು, ಅವಳ ಫ್ರೆಂಡ್ಸು ಹಳೇ ಟೇಬಲಲ್ಲೇ ಉಳ್ಕೊಂಡ್ರು, ಆ ಹುಡುಗರೂ ಅಲ್ಲೇ. ಈಗ ಅವಳು ಒಬ್ಬಳೇ ಕೂತ್ಕೊಂಡು ಏನೂ ತಿನ್ನದೆ ಬರ್ತಾಳೆ.

ನಮ್ಮೋರು ಸುಮ್ನಿರು ಅಂತಾರೆ, ನಾವು ಎಚ್1ಬಿ ಕೆಲಸದ ವೀಸಾಲಿ ಇದೀವಿ, ಗ್ರೀನ್ ಕಾರ್ಡ್ ಲೈನಲ್ಲಿ ನಿಂತಿರೋರು, ಯಾಕ್ ಬೇಕು ಕಂಪ್ಲೇಂಟು ಗಿಂಪ್ಲೇಂಟು ಅಂತ. ಇದಕ್ಕೆಲ್ಲ ಇಲ್ಲಿ ಕಾನೂನು ಇದ್ಯಾ? ಇದ್ರೆ ಮೊದಲು ಯಾರ ಹತ್ರ ಹೋಗ್ಬೇಕು? ಮಾಡಿದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

98ರ ಅಂಕಲ್:

ನಾವು 98ರಲ್ಲಿ ಬಂದಾಗ ಇದರ ಹತ್ತರಷ್ಟು ಇತ್ತಮ್ಮ. ನನ್ನ ಮಗ ಯಾರಿಗೂ ಹೇಳದೆ ಎರಡು ವರ್ಷ ಡಬ್ಬಿ ಕಸಕ್ಕೆ ಹಾಕಿದ್ದ. ಮಕ್ಕಳು ಗಟ್ಟಿಯಾಗ್ಲಿ ಬಿಡು, ಒಂದು ಸ್ಯಾಂಡ್‌ವಿಚ್ ಕಟ್ಟಿ ಕಳಿಸಿದ್ರೆ ಮುಗೀತು. ಕಂಪ್ಲೇಂಟ್ ಮಾಡಿದ್ರೆ ಟೀಚರ್‌ಗಳೆಲ್ಲ ನಿನ್ನ ಮಗಳನ್ನೇ ಬೇರೆ ಥರ ನೋಡ್ತಾರೆ.

ವಿಜಯನಗರ ಸೆಕೆಂಡ್ ಸ್ಟೇಜ್:

ಅಂಕಲ್, ತಪ್ಪು ತಿಳ್ಕೋಬೇಡಿ, ನಿಮ್ಮ ಮಗ ಗಟ್ಟಿಯಾಗಿದ್ದು ಎರಡು ವರ್ಷ ಹಸ್ಕೊಂಡಿದ್ದಕ್ಕಾ? ಇರ್ಲಿ ಬಿಡಿ.

ಸಾಗರದವರೇ, ನಾನೂ ಜೆರ್ಸಿನೇ, ಬೇರೆ ಸ್ಕೂಲ್ ಡಿಸ್ಟ್ರಿಕ್ಟು (ಒಂದು ಏರಿಯಾದ ಪಬ್ಲಿಕ್ ಸ್ಕೂಲ್‌ಗಳನ್ನೆಲ್ಲ ನೋಡ್ಕೊಳ್ಳೋ ಸಂಸ್ಥೆ), ಮೂರು ವರ್ಷದ ಹಿಂದೆ ಮಗನ ವಿಷಯಕ್ಕೆ ಇದನ್ನೆಲ್ಲ ಅರೆದು ಕುಡಿದಿದೀನಿ. ಮೊದಲು ಖುಷಿ ವಿಷಯ, ಈ ವಿಚಾರಕ್ಕೆ ಅಮೆರಿಕಾದಲ್ಲಿ ಒಳ್ಳೇ ಸ್ಟೇಟಲ್ಲೇ ಇದೀರಿ. ಇಲ್ಲಿ 2011ರಿಂದ ಆಂಟಿ ಬುಲ್ಲಿಯಿಂಗ್ ಬಿಲ್ ಆಫ್ ರೈಟ್ಸ್ ಅಂತ ಕಾನೂನಿದೆ, ಸ್ಕೂಲ್ ಕಡೆಯವರೆಲ್ಲ ಎಚ್‌ಐಬಿ ಅಂತ ಕರೀತಾರೆ, ಹೆರಾಸ್‌ಮೆಂಟ್ ಇಂಟಿಮಿಡೇಷನ್ ಬುಲ್ಲಿಯಿಂಗ್. ರೇಸ್, ಕಲರ್, ರಿಲಿಜನ್, ಆನ್ಸೆಸ್ಟ್ರಿ, ನ್ಯಾಷನಲ್ ಒರಿಜಿನ್ ಎಲ್ಲ ಅದರಲ್ಲಿ ಬರುತ್ತೆ. ಸ್ಕೂಲ್ ಬಸ್ಸೂ ಬರುತ್ತೆ.

ಈ ಕಾನೂನಿನ ಮಜಾ ಇರೋದು ತಾರೀಖಲ್ಲಿ. ಸ್ಟಾಫಲ್ಲಿ ಯಾರ ಕಿವಿಗೆ ಬಿದ್ರೂ ಅವತ್ತೇ ಪ್ರಿನ್ಸಿಪಾಲ್‌ಗೆ ಬಾಯಲ್ಲಿ ಹೇಳ್ಬೇಕು, ಎರಡು ಸ್ಕೂಲ್ ಡೇ ಒಳಗೆ ಬರೆದು ಕೊಡ್ಬೇಕು, ಪ್ರಿನ್ಸಿಪಾಲ್ ಒಂದು ದಿನದೊಳಗೆ ಇನ್ವೆಸ್ಟಿಗೇಷನ್ ಶುರು ಮಾಡಿಸ್ಬೇಕು, ಪ್ರತಿ ಸ್ಕೂಲಲ್ಲೂ ಆಂಟಿ ಬುಲ್ಲಿಯಿಂಗ್ ಸ್ಪೆಷಲಿಸ್ಟ್ ಅಂತ ಒಬ್ಬರು ಇರಲೇಬೇಕು, ಅವ್ರು 10 ಸ್ಕೂಲ್ ಡೇ ಒಳಗೆ ಮುಗಿಸ್ಬೇಕು. ಅಂದ್ರೆ ನೀವು ಫೋನ್ ಮಾಡಿದಾಗ್ಲೇ ಆ ಕೌನ್ಸಿಲರ್ ಗಡಿಯಾರ ಓಡಿಸ್ಬೇಕಿತ್ತು. ಓಡಿಸ್ಲಿಲ್ಲ ಯಾಕಂದ್ರೆ ‘ಕಾನ್‌ಫ್ಲಿಕ್ಟ್’ ಅಂದ್ಬಿಟ್ರೆ ಎಚ್‌ಐಬಿ ಅಲ್ಲ, ಪೇಪರ್ ವರ್ಕ್ ಇಲ್ಲ. ಕಾನ್‌ಫ್ಲಿಕ್ಟ್ ಅಂದ್ರೆ ಇಬ್ಬರೂ ಸಮಸಮ ಜಗಳ ಆಡಿದ್ದು. ಮೂರು ಜನ ಸೇರಿ ಒಬ್ಬಳ ಚರ್ಮದ ಬಣ್ಣ ಆಡ್ಕೊಂಡ್ರೆ ಅದೆಂಥ ಜಗಳ?

ಹಾಗಾಗಿ ಫೋನ್ ಬಿಡಿ. ಇವತ್ತು ರಾತ್ರಿನೇ ಮೇಲ್ ಬರೀರಿ, ಪ್ರಿನ್ಸಿಪಾಲ್‌ಗೆ, ಆಂಟಿ ಬುಲ್ಲಿಯಿಂಗ್ ಸ್ಪೆಷಲಿಸ್ಟ್‌ಗೆ ಸಿಸಿ ಹಾಕಿ, ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಹೆಸರು ಇರುತ್ತೆ. ಎಚ್‌ಐಬಿ 338 ಅಂತ ಒಂದು ಫಾರ್ಮ್ ಇದೆ ಅದನ್ನೂ ತುಂಬಿ. ಅಳು, ಸಿಟ್ಟು ಅದರಲ್ಲಿ ಬೇಡ. ಯಾವ ತಾರೀಖು, ಎಲ್ಲಿ, ಯಾರು, ಯಾವ ಮಾತು (ಆ ಹುಡುಗರು ಆಡಿದ ಮಾತು ಹಾಗ್ಹಾಗೇ ಬರೀರಿ, ಸಭ್ಯ ಮಾಡೋಕೆ ಹೋಗ್ಬೇಡಿ), ಪಕ್ಕದಲ್ಲಿ ಯಾರಿದ್ರು, ಮಗಳಿಗೆ ಏನಾಯ್ತು, ನೀವು ಯಾವತ್ತು ಯಾರಿಗೆ ಫೋನ್ ಮಾಡಿದ್ರಿ. ಮೊಣಕೈ ಫೋಟೋ ಇದ್ರೆ ಹಾಕಿ, ಡಾಕ್ಟರ್ ಹತ್ರ ಒಂದ್ಸಲ ತೋರ್ಸಿ. ಆಮೇಲೆ ಒಂದು ಸಾಲು ಮರೀಬೇಡಿ, ಇದು ನನ್ನ ಮಗಳ ರೇಸ್, ಕಲರ್, ನ್ಯಾಷನಲ್ ಒರಿಜಿನ್ ಮೇಲೆ ನಡೀತಿರೋ ಹೆರಾಸ್‌ಮೆಂಟು, ಎಚ್‌ಐಬಿ ಇನ್ವೆಸ್ಟಿಗೇಷನ್ ಮಾಡಿ ಅಂತ ಕೇಳ್ತಾ ಇದೀನಿ, ಅಂತ. ನಮ್ಮ ಜನ ಆ ರೇಸ್ ಅನ್ನೋ ಪದ ಬರೆಯಕ್ಕೇ ಹಿಂಜರೀತಾರೆ, ಮಕ್ಕಳು ಟೀಸ್ ಮಾಡ್ತಿದಾರೆ ಅಂತ ಬರೀತಾರೆ, ಅಲ್ಲಿಗೆ ಕಥೆ ಮುಗೀತು.

ಇನ್ನೊಂದು, ಕೆಲವು ಡಿಸ್ಟ್ರಿಕ್ಟಲ್ಲಿ ಪ್ರಿನ್ಸಿಪಾಲ್ ಮೊದಲೇ ನೋಡಿ ಇದು ಎಚ್‌ಐಬಿ ವ್ಯಾಪ್ತಿಗೆ ಬರಲ್ಲ ಅಂತ ಪಕ್ಕಕ್ಕಿಡಬಹುದು. ಹಾಗೆ ಮಾಡಿದ್ರೆ ಅದನ್ನೂ ಸ್ಕೂಲ್ ಬೋರ್ಡಿಗೆ, ಅಂದ್ರೆ ಡಿಸ್ಟ್ರಿಕ್ಟ್ ನಡೆಸೋ ಸಮಿತಿಗೆ, ಅಪೀಲ್ ಮಾಡಬಹುದು, ಗಾಬರಿ ಬೇಡ.

ಸಾಗರದವಳು:

ತುಂಬಾ ಥ್ಯಾಂಕ್ಸ್ ವಿಜಯನಗರದವರೇ, ಓದಿ ಸ್ವಲ್ಪ ಉಸಿರು ಬಂತು. ಮೇಲ್ ಡ್ರಾಫ್ಟ್ ಮಾಡ್ತಿದೀನಿ. ಆದ್ರೆ ವೀಸಾ ವಿಷಯ ಯಾರಾದ್ರೂ ಗೊತ್ತಿರೋರು ಹೇಳಿ, ನಮ್ಮೋರಿಗೆ ಅದೊಂದೇ ಚಿಂತೆ. ಆಮೇಲೆ ನಾಳೆ ಸ್ಕೂಲು ಏನೂ ಮಾಡ್ಲಿಲ್ಲ ಅಂದ್ರೆ ಮೇಲೆ ಯಾರಿದಾರೆ?

ತಿಪಟೂರ್ ತೆಂಗಿನಕಾಯಿ:

ನಾನು ಲಾಯರ್ ಅಲ್ಲ, ಆದ್ರೆ ಈ ವಿಷಯ ಓದೋ ಚಟ ಇದೆ, ಲಾಯರ್ ಬೇಕು ಅನ್ಸಿದ್ರೆ ಲಾಯರನ್ನೇ ಕೇಳಿ.

ನಿಮ್ಮ ಯಜಮಾನ್ರಿಗೆ ಇದನ್ನ ಓದಿ ಹೇಳಿ. 1964ರ ಸಿವಿಲ್ ರೈಟ್ಸ್ ಆಕ್ಟಲ್ಲಿ ಟೈಟಲ್ 6 ಅಂತ ಒಂದು ಭಾಗ ಇದೆ, ಫೆಡರಲ್ ದುಡ್ಡು ತಗೊಳೋ ಯಾವ ಕಾರ್ಯಕ್ರಮದಲ್ಲೂ ರೇಸು, ಕಲರು, ನ್ಯಾಷನಲ್ ಒರಿಜಿನ್ ಮೇಲೆ ಭೇದ ಮಾಡೋ ಹಾಗಿಲ್ಲ ಅನ್ನತ್ತೆ. ಅದರಲ್ಲಿ ಇರೋ ಪದ ‘ಪರ್ಸನ್’, ಸಿಟಿಜನ್ ಅಲ್ಲ. ಅಮೆರಿಕಾ ನೆಲದ ಮೇಲಿರೋ ಯಾವ ವ್ಯಕ್ತಿಗೂ ಅನ್ವಯಿಸತ್ತೆ. 1982ರಲ್ಲಿ ಪ್ಲೈಲರ್ ಕೇಸಲ್ಲಿ ಸುಪ್ರೀಂ ಕೋರ್ಟು ಕಾಗದ ಪತ್ರ ಇಲ್ಲದೆ ಬಂದ ಮಕ್ಕಳಿಗೂ ಪಬ್ಲಿಕ್ ಸ್ಕೂಲ್ ಬಾಗಿಲು ಮುಚ್ಚೋ ಹಾಗಿಲ್ಲ ಅಂದಿದೆ, ಇನ್ನು ಇಲ್ಲೇ ಹುಟ್ಟಿದ ನಿಮ್ಮ ಮಗಳ ಮಾತು ಬಿಡಿ. ಕಂಪ್ಲೇಂಟ್ ಮಾಡಿದ್ರು ಅಂತ ಸ್ಕೂಲು ಮಗು ಮೇಲೋ ನಿಮ್ಮ ಮೇಲೋ ಸೇಡು ತೀರಿಸ್ಕೊಂಡ್ರೆ ಅದೇ ಇನ್ನೊಂದು ವಯೊಲೇಷನ್ ಆಗತ್ತೆ.

ಜನ ತಪ್ಪು ತಿಳ್ಕೊಳ್ಳೋದು ಎಲ್ಲಿ ಅಂದ್ರೆ, ಈ ಕಾನೂನು ಆ ಮೂರು ಹುಡುಗರನ್ನ ಹಿಡ್ಕೊಳಕ್ಕೆ ಇರೋದಲ್ಲ. ಅದು ಕೇಳೋದು ಸ್ಕೂಲನ್ನ. ನಿಮಗೆ ಗೊತ್ತಿತ್ತಾ? ಗೊತ್ತಾದ ಮೇಲೆ ಏನ್ ಮಾಡಿದ್ರಿ? ಮಾಡಿದ್ದು ಕೆಲಸಕ್ಕೆ ಬಂತಾ? ಅಷ್ಟೆ. ಅದಕ್ಕೇ ವಿಜಯನಗರದವರು ಹೇಳಿದ ಮೇಲ್ ಮುಖ್ಯ, ಸ್ಕೂಲಿಗೆ ಯಾವತ್ತು ಗೊತ್ತಾಯ್ತು ಅನ್ನೋದಕ್ಕೆ ಅದೇ ಸಾಕ್ಷಿ. ನ್ಯೂಯಾರ್ಕ್ ಕಡೆ ಝೀನೋ ಅಂತ ಒಂದು ಕೇಸ್ ಆಯ್ತು, 2012ರಲ್ಲಿ ಅಪೀಲ್ಸ್ ಕೋರ್ಟ್ ತೀರ್ಪು. ಹೈಸ್ಕೂಲ್ ಹುಡುಗನಿಗೆ ಮೂರು ವರ್ಷಕ್ಕಿಂತ ಜಾಸ್ತಿ ಬಣ್ಣ ಹಿಡಿದು ಕಾಟ ಕೊಟ್ಟಿದ್ರು. ಸ್ಕೂಲ್ ಡಿಸ್ಟ್ರಿಕ್ಟ್ ವಾದ ಏನು, ನಾವು ಸುಮ್ನೆ ಕೂತಿಲ್ಲ, ಯಾರು ಸಿಕ್ಕಿಬಿದ್ರೂ ಸಸ್ಪೆಂಡ್ ಮಾಡಿದೀವಿ ಅಂತ. ಕೋರ್ಟ್ ಒಪ್ಪಲಿಲ್ಲ. ಒಬ್ಬನನ್ನ ಸಸ್ಪೆಂಡ್ ಮಾಡಿದ್ರೆ ಇನ್ನೊಬ್ಬ ಶುರು ಮಾಡ್ತಿದ್ದ, ಇದು ಕೆಲಸಕ್ಕೆ ಬರ್ತಿಲ್ಲ ಅಂತ ಗೊತ್ತಿದ್ದೂ ಅದನ್ನೇ ಮಾಡಿದ್ರಿ ಅಂತ 10 ಲಕ್ಷ ಡಾಲರ್ ಪರಿಹಾರ ಎತ್ತಿಹಿಡೀತು. ನ್ಯೂಜೆರ್ಸಿ ಬೇರೆ ಸರ್ಕ್ಯೂಟಿಗೆ, ಅಂದ್ರೆ ಬೇರೆ ಫೆಡರಲ್ ಅಪೀಲ್ಸ್ ಕೋರ್ಟಿನ ವ್ಯಾಪ್ತಿಗೆ ಬರುತ್ತೆ, ಆ ತೀರ್ಪು ಇಲ್ಲಿ ಕಡ್ಡಾಯ ಅಲ್ಲ, ಆದ್ರೂ ಡಿಸ್ಟ್ರಿಕ್ಟ್ ಲಾಯರ್‌ಗಳಿಗೆಲ್ಲ ಗೊತ್ತಿರೋ ಕೇಸದು. ಹಾಗಂತ ಕೋರ್ಟಿಗೆ ಓಡೋದು ಸುಲಭ ಅಂದ್ಕೋಬೇಡಿ. 1999ರ ಡೇವಿಸ್ ಕೇಸ್ ಹಾಕಿರೋ ಅಳತೆಗೋಲು ಗಟ್ಟಿ, ಕಾಟ ತೀವ್ರವಾಗಿರ್ಬೇಕು, ಮತ್ತೆ ಮತ್ತೆ ಆಗಿರ್ಬೇಕು, ಸ್ಕೂಲು ಬೇಕಂತಲೇ ಕಣ್ಣು ಮುಚ್ಕೊಂಡಿರ್ಬೇಕು.

ಮೇಲೆ ಯಾರು ಅಂದ್ರೆ ಎರಡು ದಾರಿ. ಫೆಡರಲಲ್ಲಿ ಎಜುಕೇಷನ್ ಡಿಪಾರ್ಟ್‌ಮೆಂಟಿನ ಆಫೀಸ್ ಫಾರ್ ಸಿವಿಲ್ ರೈಟ್ಸ್, ಆನ್‌ಲೈನ್ ಕಂಪ್ಲೇಂಟು, ದುಡ್ಡಿಲ್ಲ, ಲಾಯರ್ ಬೇಡ, ಘಟನೆ ಆಗಿ 180 ದಿನದೊಳಗೆ. ಆದ್ರೆ ನಿಜ ಹೇಳ್ಬೇಕಂದ್ರೆ 2025ರ ಮಾರ್ಚಲ್ಲಿ ಅಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಕೆಲಸದಿಂದ ನೋಟಿಸ್ ಕೊಟ್ರು, 12 ರೀಜನಲ್ ಆಫೀಸಲ್ಲಿ ನ್ಯೂಯಾರ್ಕು ಫಿಲಡೆಲ್ಫಿಯಾ ಸೇರಿ 7 ಮುಚ್ತೀವಿ ಅಂದ್ರು, ಆಮೇಲೆ ಅದೂ ಕೋರ್ಟಿಗೆ ಹೋಯ್ತು. ಅಲ್ಲಿಂದ ಬೇಗ ಉತ್ತರ ಬರುತ್ತೆ ಅಂತ ನಾನಂತೂ ಕಾಯಲ್ಲ. ಎರಡನೇದು ನಿಮ್ಮ ಸ್ಟೇಟಿನ ಡಿವಿಷನ್ ಆನ್ ಸಿವಿಲ್ ರೈಟ್ಸ್, ಅಲ್ಲೂ 180 ದಿನ. 2007ರಲ್ಲಿ ಟಾಮ್ಸ್ ರಿವರ್ ಕೇಸಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟು, ಮಕ್ಕಳು ಮಕ್ಕಳಿಗೆ ಕೊಡೋ ಇಂಥ ಕಾಟಕ್ಕೂ ಸ್ಕೂಲ್ ಡಿಸ್ಟ್ರಿಕ್ಟೇ ಜವಾಬ್ದಾರಿ ಆಗಬಹುದು ಅಂತ ಹೇಳಿದೆ. ನನಗೆ ಕೇಳಿದ್ರೆ ಮೊದಲು ಎಚ್‌ಐಬಿ, ಆಗ್ಲಿಲ್ಲಾಂದ್ರೆ ಸ್ಟೇಟು, ಕ್ಯಾಲೆಂಡರಲ್ಲಿ 180ನೇ ದಿನ ಗುರುತು ಹಾಕ್ಕೊಂಡಿರಿ.

ಒಂದು ಅಡ್ಡಮಾತು. ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಪಬ್ಲಿಕ್ ಸ್ಕೂಲ್ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ 1954ರ ಬ್ರೌನ್ ತೀರ್ಪು ಬಂದ ತಕ್ಷಣ ಕರಿಯರ ಮಕ್ಕಳು ಬಿಳಿಯರ ಸ್ಕೂಲಿಗೆ ಹೋದ್ರು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಇಲ್ಲ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಲಿ ಜೊತೆಗೆ ಕೂರಿಸೋ ಬದಲು 1959ರಿಂದ 64ರ ತನಕ ಪಬ್ಲಿಕ್ ಸ್ಕೂಲೇ ಮುಚ್ಚಿಬಿಟ್ಟಿದ್ರು, ಐದು ವರ್ಷ. ಬಿಳಿ ಮಕ್ಕಳಿಗೆ ಪ್ರೈವೇಟ್ ಅಕಾಡೆಮಿ ಮಾಡ್ಕೊಂಡ್ರು. ಆಮೇಲೆ ಸೌತಲ್ಲಿ ಬದಲಾವಣೆಗೆ ವೇಗ ಬಂದಿದ್ದು ಟೈಟಲ್ 6 ಬಂದು, ಮರುವರ್ಷ ಫೆಡರಲ್ ದುಡ್ಡು ಸ್ಕೂಲ್‌ಗಳಿಗೆ ಜೋರಾಗಿ ಹರಿಯಕ್ಕೆ ಶುರುವಾಗಿ, ಭೇದ ಮಾಡಿದ್ರೆ ಆ ದುಡ್ಡು ನಿಲ್ಲಿಸ್ತೀವಿ ಅಂದಾಗ. ನಿಮ್ಮ ನ್ಯೂಜೆರ್ಸಿಲೇ ಟ್ರೆಂಟನಲ್ಲಿ ಹೆಡ್ಜ್‌ಪೆತ್, ವಿಲಿಯಮ್ಸ್ ಅಂತ ಇಬ್ಬರು ಅಮ್ಮಂದಿರು, ಮನೆ ಹತ್ರದ ಸ್ಕೂಲಿಗೆ ಮಕ್ಕಳನ್ನ ಸೇರಿಸ್ಕೊಳ್ಳದೆ ದೂರದ ಕರಿಯರ ಸ್ಕೂಲಿಗೆ ಕಳಿಸಿದ್ರು ಅಂತ ಕೇಸ್ ಹಾಕಿ 1944ರಲ್ಲಿ ಗೆದ್ರು, ಬ್ರೌನ್‌ಗಿಂತ ಹತ್ತು ವರ್ಷ ಮುಂಚೆ. ಈಗ ಅದೇ ಸ್ಕೂಲಿಗೆ ಅವರಿಬ್ಬರ ಹೆಸರಿದೆ.

ಗಿರ್ಮಿಟ್ ಮಿರ್ಚಿ:

ಅಕ್ಕಾರ, ನಾವು ಟೆಕ್ಸಾಸ್‌ನ್ಯಾಗ ಅದೀವ್ರಿ, ಇಲ್ಲಿ ನಿಮ್ಮಂಗ 10 ದಿನದ ಲೆಕ್ಕ ಇಲ್ಲ. ಬುಲ್ಲಿಯಿಂಗ್ ಅಂತ ಕಂಪ್ಲೇಂಟ್ ಬಂತಂದ್ರ ಮೂರು ದಿನದಾಗ ತಂದಿತಾಯಿಗೆ ತಿಳಿಸ್ಬೇಕು ಅಂತ 2017ರಾಗ ಕಾನೂನ್ ಮಾಡ್ಯಾರ, ಮುಂದಿಂದು ಸಾಲಿಯವರ ಮರ್ಜಿ ನೋಡ್ರಿ. ಹಂಗಾಗಿ ಬ್ಯಾರೆ ಸ್ಟೇಟಿನ ಮಂದಿ ಇದನ್ನ ಓದಿ ನಮಗೂ 10 ದಿನ ಅಂತ ಜಗಳಕ್ಕ ಹೋಗಬ್ಯಾಡ್ರಿ, ನಿಮ್ಮ ಸ್ಟೇಟಿಂದು ಏನೈತಿ ಮೊದ್ಲು ನೋಡ್ರಿ. ಟೈಟಲ್ 6 ಮಾತ್ರ ಎಲ್ಲಾ ಕಡೆ ಒಂದ.

ನಮ್ಮ ಕಥಿ ಬ್ಯಾರೆ. ಮಗನ್ನ ಕೆಜಿಗೆ ಹಚ್ಚುಮುಂದ ಹೋಮ್ ಲ್ಯಾಂಗ್ವೇಜ್ ಸರ್ವೇ ಅಂತ ಒಂದು ಕಾಗದ ಕೊಟ್ರು, ಮನ್ಯಾಗ ಏನ್ ಮಾತಾಡ್ತೀರಿ ಅಂತ. ನಾ ಅಭಿಮಾನದಿಂದ ಕನ್ನಡ ಅಂತ ಬರದೆ. ಆಫೀಸಿನಾಕಿ ಓದಿ, ಓಹ್ ಕೆನಡಾ ಏನು, ಅಲ್ಲಿ ಇಂಗ್ಲಿಷ ಮಾತಾಡ್ತಾರಲ್ಲ ಅಂದ್ಲು! ನಕ್ಕು ತಿಳಿಸಿ ಹೇಳಿದ್ವಿ. ಎರಡು ವಾರಕ್ಕ ಹುಡುಗನ್ನ ಇಂಗ್ಲಿಷ್ ಬರದಿರೋ ಮಕ್ಕಳ ಟೆಸ್ಟಿಗೆ ಕೂಡ್ಸಿದ್ರು. ನನಗ ಸಿಟ್ಟು ಬಂತ್ರಿ, ಇದೂ ರೇಸಿಸಂ ಅಂತ ಮೇಲ್ ಟೈಪ್ ಮಾಡಿದ್ದೆ, ಕಳಸೂ ಮೊದ್ಲು ನಮ್ಮ ಹೆಂಡತಿ ತಡದ್ಲು. ಆಮ್ಯಾಲ ಗೊತ್ತಾತು, ಅದು ಉಲ್ಟಾ ನಮ್ಮ ಸಲುವಾಗಿನ ಇರೋ ನಿಯಮ. ಸ್ಯಾನ್ ಫ್ರಾನ್ಸಿಸ್ಕೋದಾಗ ಸುಮಾರು 1,800 ಚೀನೀ ಮಕ್ಕಳು ಇಂಗ್ಲಿಷ್ ತಿಳೀದ ಕ್ಲಾಸಿನ್ಯಾಗ ಸುಮ್ನ ಕುಂಡ್ರತಿದ್ರು, ಯಾವ ಸಹಾಯನೂ ಇರ್ಲಿಲ್ಲ. 1974ರಾಗ ಲಾವ್ ಕೇಸಿನ್ಯಾಗ ಸುಪ್ರೀಂ ಕೋರ್ಟು, ಎಲ್ಲಾರ್ಗೂ ಅದ ಪುಸ್ತಕ ಅದ ಮಾಸ್ತರ ಕೊಟ್ರ ಸಮಾನತೆ ಆಗಂಗಿಲ್ಲ, ಇದು ಟೈಟಲ್ 6ಕ್ಕ ವಿರುದ್ಧ ಅಂತ. ನಮ್ಮ ಹುಡುಗ ಟೆಸ್ಟ್ ಪಾಸಾದ, ಮುಗೀತು. ಆದ್ರ ಪಾಸಾದ ಮ್ಯಾಲೂ ಹಿಡದು ಕುಂಡ್ರಿಸಿದ್ರ, ಇಲ್ಲಾ ಬರೇ ಹೆಸರು ನೋಡಿ ಆ ಕ್ಲಾಸಿಗೆ ಹಾಕಿದ್ರ, ಆವಾಗ ಕೇಳ್ರಿ. ತಂದಿತಾಯಿ ಬ್ಯಾಡ ಅಂತ ಬರದು ಕೊಡಾಕೂ ಬರ್ತೈತಿ.

ಯಲ್ಲಾಪುರ ಟೀಚರ್:

ಸಾಗರದ ತಂಗಿ, ನಿನ್ನ ಮಗಳ ಮೊಣಕೈ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ತಿ. ನಾನು ಇಲ್ಲೇ ಊರಲ್ಲಿ ಪ್ರೈಮರಿ ಟೀಚರು. ನಮ್ಮ ಕಡೆ ಸಿದ್ದಿ ಜನ ಇದ್ದಾರಲ್ಲ, ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ, ಆಫ್ರಿಕಾ ಮೂಲದವರು, ತಲೆತಲೆಮಾರಿಂದ ಇಲ್ಲೇ ಇದ್ದು ಕನ್ನಡ ಕೊಂಕಣಿ ಮಾತಾಡೋರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ರು. ನನ್ನ ಒಂದನೇ ಕ್ಲಾಸಿಗೆ ಒಬ್ಬ ಸಿದ್ದಿ ಹುಡುಗ ಬಂದ, ಮೊದಲನೇ ವಾರ ಉಳಿದ ಮಕ್ಕಳೆಲ್ಲ ಸಾಲಾಗಿ ಬಂದು ಅವನ ಗುಂಗುರು ಕೂದಲು ಮುಟ್ಟಿ ಮುಟ್ಟಿ ಓಡ್ತಿದ್ವು. ನಾನೂ ನಕ್ಕಿದ್ದೆ, ಸುಳ್ಳು ಹೇಳಲ್ಲ. ಎರಡನೇ ವಾರ ಅವನು ತಲೆಗೆ ಟವೆಲ್ ಸುತ್ಕೊಂಡು ಬಂದ. ಅವತ್ತಿಂದ ನಗೋದು ಬಿಟ್ಟೆ.

ನಮ್ಮ ಸಂವಿಧಾನದ 15ನೇ ವಿಧಿಯಲ್ಲೂ ಜನಾಂಗ ಅನ್ನೋ ಪದ ಇದೆ, ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನಲ್ಲಿ ಮಕ್ಕಳಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತ ಇದೆ. ಆದ್ರೆ ನಿಮ್ಮಲ್ಲಿ ಇದ್ದ ಹಾಗೆ ಹತ್ತು ದಿನ, ಎರಡು ದಿನ, ಇಂಥವರೇ ಮಾಡ್ಬೇಕು ಅನ್ನೋ ಲೆಕ್ಕ ಇಲ್ಲಿ ನಾನು ಕಂಡಿಲ್ಲ. ಅವನ ಅಮ್ಮ ಯಾರಿಗೆ ಮೇಲ್ ಕಳಿಸ್ಬೇಕು ಹೇಳಿ?

ಇನ್ನೊಂದು ಮಾತು, ಬೈಕೋಬೇಡಿ. ನನ್ನ ಅಕ್ಕನ ಮನೆ ಅಲ್ಲೇ ಅಮೆರಿಕಾದಲ್ಲಿ, ಬಂದಾಗ ಮಕ್ಕಳ ಎದುರಿಗೇ ನಮ್ಮ ಏರಿಯಾಗೆ ಕರಿಯರು ಜಾಸ್ತಿ ಆಗಿದಾರೆ, ಸ್ಕೂಲ್ ಹಾಳಾಯ್ತು ಅಂತ ಮಾತಾಡ್ತಾರೆ. ಆ ಮಕ್ಕಳು ಅದನ್ನ ಸ್ಕೂಲಲ್ಲಿ ಹೇಳಿದ್ರೆ ಇದೇ ಕಾನೂನು ಅವರ ಕಡೆ ತಿರುಗತ್ತಲ್ಲ?

ತಿಪಟೂರ್ ತೆಂಗಿನಕಾಯಿ:

ತಿರುಗತ್ತೆ ಟೀಚರ್, ಖಂಡಿತ ತಿರುಗತ್ತೆ. ನಮ್ಮ ಮಕ್ಕಳ ಮೇಲೇ ಎಚ್‌ಐಬಿ ಆಗಿರೋ ಮನೆ ನನಗೆ ಗೊತ್ತು, ಅಪ್ಪ ಅಮ್ಮ ಹೊರಗೆ ಹೇಳ್ಕೊಳಲ್ಲ ಅಷ್ಟೆ. ಜಾತಿ ವಿಷಯ ಕೂಡ ಬರ್ತಾ ಇದೆ, 2023ರ ಫೆಬ್ರವರಿಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧ ಮಾಡ್ತು, ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಿಲ್ ಪಾಸಾಗಿ ಗವರ್ನರ್ ವೀಟೋ ಮಾಡಿದ್ರು. ಅದು ಇಲ್ಲಿ ಬೇಡ, ಶುರುವಾದ್ರೆ ನಿಲ್ಲಲ್ಲ, ಬೇರೆ ಥ್ರೆಡ್ ಮಾಡೋಣ.

98ರ ಅಂಕಲ್:

ಎಲ್ಲಾ ಓದಿದೆ. ನನ್ನ ಮಗನಿಗೆ ಈಗ 36. ನಿನ್ನೆ ಫೋನ್ ಮಾಡಿ ಆ ಡಬ್ಬಿ ವಿಷಯ ಕೇಳಿದೆ, ಯಾವತ್ತೂ ಕೇಳಿರಲಿಲ್ಲ. ಆ ಹುಡುಗರ ಹೆಸರು ಅವನಿಗೆ ಇನ್ನೂ ನೆನಪಿದೆ, ಇನಿಷಿಯಲ್ ಸಮೇತ ಹೇಳಿದ. ಮೇಲ್ ಕಳಿಸಮ್ಮ.

ಸಾಗರದವಳು (ಐದು ವಾರದ ನಂತರ):

ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ. ಮೇಲ್ ಕಳಿಸಿದ ಮಾರನೇ ದಿನ ಬೆಳಿಗ್ಗೆ 8 ಗಂಟೆಗೆ ಪ್ರಿನ್ಸಿಪಾಲೇ ಫೋನ್ ಮಾಡಿದ್ರು, ಅದೇ ಸ್ಕೂಲು, ಅದೇ ವಿಷಯ, ರೇಸ್ ಅನ್ನೋ ಒಂದು ಪದ ಬಿದ್ದಿದ್ದಕ್ಕೆ ದನಿನೇ ಬೇರೆ ಆಗಿತ್ತು. ಸ್ಪೆಷಲಿಸ್ಟು ಮಗಳ ಹತ್ರ, ಆ ಹುಡುಗರ ಹತ್ರ, ಟೇಬಲಲ್ಲಿದ್ದ ಇನ್ನಿಬ್ಬರ ಹತ್ರ ಮಾತಾಡಿದ್ರು. ಟೇಬಲ್ ಬದಲಾಯ್ತು, ಈ ಸಲ ಎದ್ದು ಹೋಗಿದ್ದು ಆ ಹುಡುಗರು. ನಮ್ಮೋರು ಏನೂ ಮಾತಾಡ್ಲಿಲ್ಲ, ಆದ್ರೆ ಮೇಲ್ ಪ್ರಿಂಟೌಟ್ ತೆಗ್ದು ಫೈಲಲ್ಲಿ ಇಟ್ಟಿದಾರೆ, ಗ್ರೀನ್ ಕಾರ್ಡಿನ ಐ-140 ಕಾಗದ ಇರೋ ಫೈಲಲ್ಲೇ!

ಆದ್ರೆ ಲೆಟರ್ ಬಂತು ಮೊನ್ನೆ. ಲಂಚ್ ಟೇಬಲಿಂದು ಎಚ್‌ಐಬಿ ಹೌದು ಅಂತ, ಬಸ್ಸಿಂದು ಪ್ರೂವ್ ಆಗ್ಲಿಲ್ಲ ಅಂತ. ಬಸ್ಸಿನ ಕ್ಯಾಮೆರಾ ರೆಕಾರ್ಡಿಂಗ್ ಅಷ್ಟೊತ್ತಿಗೆ ಅಳಿಸಿ ಹೋಗಿತ್ತಂತೆ. ನಾನು ಮೊದಲನೇ ಸಲ ಫೋನ್ ಬದಲು ಮೇಲ್ ಮಾಡಿದ್ರೆ ಸಿಗ್ತಿತ್ತೇನೋ ಅಂತ ಹೊಟ್ಟೆ ಉರೀತಿದೆ. ಆ ಹುಡುಗರಿಗೆ ಏನು ಶಿಕ್ಷೆ ಅಂತ ಕೇಳಿದ್ರೆ ಹೇಳಲ್ಲ ಅಂದ್ರು. ಮಗಳು ಇನ್ನೂ ಪಾಸ್ತಾನೇ ಕೇಳ್ತಾಳೆ, ಡಬ್ಬಿ ಖಾಲಿ ಬರ್ತಿದೆ ಸದ್ಯಕ್ಕೆ. ಬಸ್ಸಿನ ವಿಷಯಕ್ಕೆ ಬೋರ್ಡ್ ಹಿಯರಿಂಗ್ ಕೇಳೋಣ ಅಂತಿದೀನಿ, ಮಗಳನ್ನ ಕರ್ಕೊಂಡು ಹೋಗ್ಬೇಕಾ? ಅವಳಿಗೆ ಎಲ್ಲರ ಮುಂದೆ ಮತ್ತೆ ಹೇಳೋಕೆ ಇಷ್ಟ ಇಲ್ಲ.

ವಿಜಯನಗರ ಸೆಕೆಂಡ್ ಸ್ಟೇಜ್:

ಶಿಕ್ಷೆ ಹೇಳಲ್ಲ, ಅದು ಬೇರೆ ಮಕ್ಕಳ ರೆಕಾರ್ಡು, ಪ್ರೈವೆಸಿ ಕಾನೂನು ಅಡ್ಡ ಬರುತ್ತೆ, ನಮಗೂ ಹೇಳ್ಲಿಲ್ಲ. ಹಿಯರಿಂಗ್ ಕೇಳಿ, ಕೇಳಿದ 10 ದಿನದೊಳಗೆ ಇಡ್ಬೇಕು. ಅದು ಪಬ್ಲಿಕ್ ಮೀಟಿಂಗ್ ಅಲ್ಲ, ಬಾಗಿಲು ಹಾಕ್ಕೊಂಡು ಬೋರ್ಡಿನವರ ಜೊತೆ ಮಾತ್ರ. ಮಗಳನ್ನ ಮನೇಲೇ ಬಿಡಿ, ನೀವಿಬ್ಬರೇ ಹೋಗಿ. ಕ್ಯಾಮೆರಾ ರೆಕಾರ್ಡಿಂಗ್ ಎಷ್ಟು ದಿನ ಇಡ್ತಾರೆ, ನಾನು ಫೋನ್ ಮಾಡಿದ ತಾರೀಖಿಗೆ ಅದು ಇತ್ತಾ ಅಂತ ಬರೆದು ಕೇಳಿ. ಫೋನ್ ಕಾಲ್ ಲಾಗ್ ಸ್ಕ್ರೀನ್‌ಶಾಟ್ ತಗೊಂಡ್ ಹೋಗಿ, ಅಳಿಸೋಗೋಕೆ ಮುಂಚೆ.